ಡೋಸ್ ಏರಿಸಿದ ಮೇಲೆ ವಾಕರಿಕೆ: ಇಂಜೆಕ್ಷನ್ ಬಿಡಬೇಕೇ?

ಸೆಮಾಗ್ಲುಟೈಡ್ (ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ವಾರಕ್ಕೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್) 0.25ರಿಂದ 0.5 ಮಿ.ಗ್ರಾಂಗೆ ಏರಿಸಿದಾಗಿನಿಂದ ವಾಕರಿಕೆ, ಮಲಬದ್ಧತೆ. ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ನೀವಾಗಿಯೇ ನಿರ್ಧರಿಸಬೇಡಿ, ವೈದ್ಯರಿಗೆ ಹೇಳಿ. ಹಳೇ ಡೋಸಿನಲ್ಲೇ ಇನ್ನೂ ಕೆಲವು ವಾರ ಇರಿಸುವುದುಂಟು, ಅದರಿಂದ ಹಿಂದೆ ಬಿದ್ದಂತೇನೂ ಅಲ್ಲ.

ಈ ಔಷಧಿ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ಹಾಗಾಗಿ ಮೊದಲಿನಷ್ಟೇ ಉಂಡರೆ ಊಟ ಎದೆಮಟ್ಟ ನಿಂತಂತಾಗುತ್ತದೆ. ಅರ್ಧದಷ್ಟೇ ಬಡಿಸಿಕೊಳ್ಳಿ, ನಿಧಾನವಾಗಿ ಅಗಿಯಿರಿ, ಸಾಕೆನಿಸಿದ ತುತ್ತಿಗೇ ಕೈ ತೊಳೆಯಿರಿ. ತಟ್ಟೆಯಲ್ಲಿ ಉಳಿದರೆ ಉಳಿಯಲಿ. ಕರಿದದ್ದು, ಜಿಡ್ಡಿನದ್ದು ಸದ್ಯಕ್ಕೆ ಬೇಡ. ಉಂಡ ತಕ್ಷಣ ಮಲಗಬೇಡಿ. ಊಟ ಕಡಿಮೆಯಾದಾಗ ನೀರು ಕುಡಿಯುವುದೂ ಮರೆತುಹೋಗುತ್ತದೆ, ಮಲಬದ್ಧತೆ ಅದರಿಂದಲೂ ಹೆಚ್ಚುತ್ತದೆ. ದಿನವಿಡೀ ಗುಟುಕು ಗುಟುಕಾಗಿ ಕುಡಿಯಿರಿ. ನಾರಿನಂಶ ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ, ಸ್ವಲ್ಪ ಸ್ವಲ್ಪವೇ ಸೇರಿಸಿ.

ಆದರೆ ಬೆನ್ನಿಗೆ ಹಬ್ಬುವ, ಕಡಿಮೆಯೇ ಆಗದ ತೀವ್ರ ಹೊಟ್ಟೆನೋವು ಬಂದರೆ ಅದು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಉರಿಯೂತ ಇರಬಹುದು. ಮುಂದಿನ ಡೋಸ್ ತಗೋಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನೀರೂ ನಿಲ್ಲದಷ್ಟು ವಾಂತಿಯಾದರೂ ಕಾಯಬೇಡಿ, ಕಿಡ್ನಿಗೆ ಪೆಟ್ಟು ಬೀಳಬಹುದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಜೊತೆಗಿದೆಯೇ ಅಂತ ನೀವು ಬರೆದಿಲ್ಲ. ಇದ್ದರೆ ಅದನ್ನು ವೈದ್ಯರಿಗೆ ಮೊದಲು ಹೇಳಿ, ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳ ಜೊತೆ ಸಕ್ಕರೆ ತೀರಾ ಇಳಿಯುವ ಅಪಾಯವಿದೆ.