ಲವ್‌ಕ್ರಾಫ್ಟ್ ಕಥೆಗಳು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಎಚ್.ಪಿ. ಲವ್‌ಕ್ರಾಫ್ಟ್ ಅವರ ಭಯಾನಕ ಕಥೆಗಳಲ್ಲಿ ತಮಗೆ ಅತ್ಯಂತ ಪ್ರಿಯವಾದದ್ದು ಯಾವುದು?
– ಓದುಗರೊಬ್ಬರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ 1890ರಲ್ಲಿ ಹುಟ್ಟಿ 1937ರಲ್ಲಿ ಅಲ್ಲಿಯೇ ತೀರಿಕೊಂಡ ಈ ಲೇಖಕರ ಬರಹಗಳಲ್ಲಿ ನಾನು ಮತ್ತೆ ಮತ್ತೆ ಓದುವುದು 1927ರಲ್ಲಿ ಪ್ರಕಟವಾದ ‘ದ ಕಲರ್ ಔಟ್ ಆಫ್ ಸ್ಪೇಸ್’ ಕಥೆಯನ್ನು. ರೈತನೊಬ್ಬನ ಬಾವಿಯ ಪಕ್ಕದಲ್ಲಿ ಉಲ್ಕೆಯೊಂದು ಬೀಳುತ್ತದೆ. ಆ ವರ್ಷ ತೋಟದ ಹಣ್ಣುಗಳು ಹಿಂದೆಂದೂ ಕಾಣದಷ್ಟು ದಪ್ಪವಾಗಿ, ಹೊಳೆಹೊಳೆಯುತ್ತ ತೂಗಿದರೂ, ಕಚ್ಚಿದರೆ ಬಾಯೆಲ್ಲ ಕಹಿ. ಮಾವಿನ ಫಸಲನ್ನೇ ನೆಚ್ಚಿಕೊಂಡಿರುವ ನಿಮ್ಮ ಸೀಮೆಯವರಿಗೆ ಆ ಒಂದು ತುತ್ತಿನ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ. ಮುಂದೆ ಗಿಡಮರ, ದನಕರು, ಕೊನೆಗೆ ಮನೆಮಂದಿಯೂ ಬೂದಿಬಣ್ಣಕ್ಕೆ ತಿರುಗಿ ಉದುರಿಹೋಗುತ್ತಾರೆ. ಅಲ್ಲಿ ದೆವ್ವವಿಲ್ಲ, ಶಾಪವಿಲ್ಲ, ಯಾರ ತಪ್ಪೂ ಇಲ್ಲ. ಹೆಸರಿಡಲಾಗದ ಒಂದು ಬಣ್ಣ ಮಾತ್ರ ಇದೆ, ಮತ್ತು ಆ ಕುಟುಂಬ ಅದೇ ಬಾವಿಯ ನೀರನ್ನು ಕುಡಿಯುತ್ತಲೇ ಇರುತ್ತದೆ. ನನ್ನನ್ನು ಕಾಡುವುದು ಆ ನೀರು.

1928ರ ‘ದ ಕಾಲ್ ಆಫ್ ಕ್ತುಲು’ ಹೆಚ್ಚು ಹೆಸರಾಗಿದೆ, ನಿಜ. ಆದರೆ ಅದರಲ್ಲಿ ಲೇಖಕರ ಜನಾಂಗೀಯ ಪೂರ್ವಗ್ರಹ ಎದ್ದು ಕಾಣುವುದರಿಂದ ಮೊದಲ ಓದಿಗೆ ಅದನ್ನು ನಾನು ಸೂಚಿಸಲಾರೆ. ಅಂಟಾರ್ಕ್ಟಿಕಾದ ಹಿಮದಲ್ಲಿ ನಡೆಯುವ ‘ಅಟ್ ದ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’ ದೀರ್ಘವಾದುದು. ಬಿಡುವಿದ್ದಾಗ ನಿಧಾನವಾಗಿ ಓದಿರಿ.