ಪ್ರಿಡಯಾಬಿಟಿಸ್ (ಸಕ್ಕರೆ ಕಾಯಿಲೆಗೆ ಮುಂಚಿನ ಹಂತ) ಇದೆ. ಮನೆಯ ಗ್ಲುಕೋಮೀಟರಿನಲ್ಲಿ ಖಾಲಿ ಹೊಟ್ಟೆಯ ರಕ್ತದ ಸಕ್ಕರೆ ಮೊದಲು 138 ಬಂತು, ಐದು ನಿಮಿಷದ ನಂತರ ಕೈ ತೊಳೆದು ನೋಡಿದರೆ 109. ಯಾವುದು ಸರಿ?

109 ಅನ್ನೇ ಬರೆದಿಟ್ಟುಕೊಳ್ಳಿ. ಮೀಟರಿಗೆ ಹಾಕುವ ಪರೀಕ್ಷಾ ಪಟ್ಟಿ, ಅಂದರೆ ಸ್ಟ್ರಿಪ್ ಹೀರಿಕೊಳ್ಳುವ ರಕ್ತ ಹೆಚ್ಚೆಂದರೆ ಸಾಸಿವೆ ಕಾಳಿನಷ್ಟು. ಮಾವು, ದ್ರಾಕ್ಷಿ, ಬಾಳೆ ಮುಟ್ಟಿದ ಬೆರಳಲ್ಲಿ ಕಾಣದಷ್ಟು ಗ್ಲೂಕೋಸ್ ಅಂಟಿದ್ದರೂ ಅದು ಆ ಹನಿಯಲ್ಲಿ ಕರಗಿ ಅಂಕಿ ಏರಿಬಿಡುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಸೋಪು ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಚೆನ್ನಾಗಿ ಒರೆಸಿ. ನೀರು ಉಳಿದರೆ ರಕ್ತ ತೆಳುವಾಗಿ ಅಂಕಿ ಇಳಿಯಬಹುದು.

ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಅಲ್ಲಿ ನೋವು ಕಡಿಮೆ. ಹನಿ ಬರದಿದ್ದರೆ ಕೈ ಇಳಿಬಿಡಿ. ಜೋರಾಗಿ ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಸೇರುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ. ಮಳೆಗಾಲದ ತೇವ, ಅಡುಗೆಮನೆಯ ಬಿಸಿ ಎರಡೂ ಅದನ್ನು ಕೆಡಿಸುತ್ತವೆ.

ಎಲ್ಲ ಸರಿ ಮಾಡಿದರೂ ಮನೆಯ ಮೀಟರಿಗೆ 100ರ ಮೇಲೆ ಶೇ. 15ರಷ್ಟು ಆಚೀಚೆ ಆಗಲು ಅವಕಾಶವಿದೆ. ಪ್ರಿಡಯಾಬಿಟಿಸ್‌ನ ಖಾಲಿ ಹೊಟ್ಟೆಯ ಮಿತಿಯೇ 100ರಿಂದ 125. ಹಾಗಾಗಿ ಇವತ್ತು 109, ನಾಳೆ 116 ಬಂದರೆ ದಯವಿಟ್ಟು ಗಾಬರಿಯಾಗಬೇಡಿ. ಎರಡು ವಾರ ಅದೇ ಹೊತ್ತಿಗೆ, ಎಂಟು ಗಂಟೆ ಉಪವಾಸದ ನಂತರ ನೋಡಿ ಬರೆದಿಡಿ. ರೋಗ ನಿರ್ಧಾರಕ್ಕೆ ಮಾತ್ರ ಲ್ಯಾಬಿನ ರಕ್ತಪರೀಕ್ಷೆಯೇ ಬೇಕು.