ಎರಡು ಡಿಗ್ರಿ, ಜಿಟಿಜಿಟಿ ಮಳೆ, ಮೂರು ವರ್ಷದ ಮಗು

ನಮಸ್ಕಾರ. ಸೆಪ್ಟೆಂಬರಿನಲ್ಲಿ ಸಾಗರದ ಕಡೆಯಿಂದ ಸ್ಟಾಕ್‌ಹೋಮಿಗೆ ಬಂದಿದ್ದೀರಿ. ಮೂರು ವರ್ಷದ ಮಗ ಫೊರ್‌ಸ್ಕೂಲಾ, ಅಂದರೆ ಇಲ್ಲಿನ ಶಿಶುವಿಹಾರ ಸೇರಿದ್ದಾನೆ. ಮಳೆ ಬಂದರೂ, ಗಾಳಿ ಬೀಸಿದರೂ ಮಕ್ಕಳನ್ನು ಅಂಗಳಕ್ಕೆ ಬಿಡುತ್ತಾರೆ, ಸಂಜೆ ಮಗ ಮೂಗು ಸುರಿಸಿಕೊಂಡು ಬರುತ್ತಾನೆ, ಅತ್ತೆಯವರು ದಿನಾ ವಿಡಿಯೊ ಕಾಲಿನಲ್ಲಿ ಗೊಣಗುತ್ತಾರೆ. 'ನೆಗಡಿ ಇರುವ ದಿನವಾದರೂ ಒಳಗೇ ಇಟ್ಟುಕೊಳ್ಳಿ ಅಂತ ಟೀಚರಿಗೆ ಹೇಳಬಹುದಾ?' ಅನ್ನುವುದು ನಿಮ್ಮ ಪ್ರಶ್ನೆ.

ಹೇಳಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಉತ್ತರ ಹೆಚ್ಚಾಗಿ 'ಆಗಲ್ಲ' ಅಂತಲೇ ಬರುತ್ತದೆ. ಗುಂಪು ಹೊರಗೆ ಹೊರಟರೆ ಟೀಚರುಗಳೂ ಹೊರಡುತ್ತಾರೆ; ಒಂದು ಮಗು ಒಳಗೆ ಉಳಿದರೆ ಅದಕ್ಕೊಬ್ಬರು ಉಳಿಯಬೇಕು, ಹೊರಗೆ ಒಬ್ಬರು ಕಡಿಮೆ ಬೀಳುತ್ತಾರೆ. ಅವರ ಲೆಕ್ಕ ಸರಳ: ಅಂಗಳದಲ್ಲಿ ಆಡಲು ತ್ರಾಣ ಇಲ್ಲದ ಮಗುವಿಗೆ ದಿನವಿಡೀ ಮಕ್ಕಳ ಗಲಾಟೆಯಲ್ಲಿ ಇರಲೂ ತ್ರಾಣ ಇರುವುದಿಲ್ಲ, ಅದು ಮನೆಯಲ್ಲಿರಬೇಕು. ಬರೀ ಮೂಗು ಸೋರುತ್ತಿದ್ದು ಮಗು ಲವಲವಿಕೆಯಿಂದ ಇದ್ದರೆ ಶಾಲೆಗೂ ಬರಬಹುದು, ಅಂಗಳಕ್ಕೂ ಹೋಗಬಹುದು.

ಚಳಿಗೆ ಹೋದದ್ದರಿಂದಲೇ ನೆಗಡಿ ಅನ್ನುವ ನಂಬಿಕೆ ನಮ್ಮ ಮಾತಿನೊಳಗೇ ಕೂತಿದೆ. ಚಳಿಯೂ ಶೀತ, ಮೂಗು ಸೋರಿದರೂ ಶೀತ. ಇಲ್ಲಿಯವರೂ ಅದರಿಂದ ಪಾರಾಗಿಲ್ಲ: 'ಶ್ಯೂಲಾ' ಅಂದರೆ ಚಳಿ, 'ಫೊರ್‌ಶ್ಯೂಲ್ಡ್' ಅಂದರೆ ನೆಗಡಿ ಹಿಡಿದವರು. ನೆಗಡಿ ತರುವುದು ಮಾತ್ರ ವೈರಸ್. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹದಿನೈದು ಮಕ್ಕಳು ಒಂದೇ ಆಟಿಕೆಯನ್ನು ಬಾಯಿಗೆ ಹಾಕಿಕೊಂಡಾಗ ಅದು ಹರಡುವಷ್ಟು ಬಯಲಿನಲ್ಲಿ ಹರಡುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು. ಮೊದಲ ಚಳಿಗಾಲದಲ್ಲಿ ಅವೆಲ್ಲ ಒಂದರ ಹಿಂದೆ ಒಂದು ಬರುವುದರಿಂದ ಮಗು ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಂದೇ ನೆಗಡಿಯಲ್ಲಿ ಇದ್ದ ಹಾಗೆ ಕಾಣುತ್ತದೆ.

ಹಾಗಂತ ಹವೆಯಿಂದ ಏನೂ ಆಗುವುದಿಲ್ಲ ಅಂತಲ್ಲ. 'ಕೆಟ್ಟ ಹವೆ ಅಂತ ಇಲ್ಲ, ಕೆಟ್ಟ ಬಟ್ಟೆ ಅಂತ ಇದೆ' ಅನ್ನುವ ಇಲ್ಲಿನ ಗಾದೆಯನ್ನು ನೀವು ಈಗಾಗಲೇ ಹತ್ತು ಸಲ ಕೇಳಿರುತ್ತೀರಿ. ಸ್ವೀಡಿಷ್‌ನಲ್ಲಿ ಹವೆಗೂ ಬಟ್ಟೆಗೂ ಪ್ರಾಸ ಕೂಡುತ್ತದೆ, ಹಾಗಾಗಿ ಎಲ್ಲರ ಬಾಯಲ್ಲೂ ಅದೇ. ಅರ್ಧ ನಿಜ. ಹೊಸಬರಿಗೆ ಮುಖ್ಯವಾದ ಇನ್ನರ್ಧವನ್ನು ಯಾರೂ ಹೇಳುವುದಿಲ್ಲ: ಮೈನಸ್ ಹತ್ತಕ್ಕಿಂತ ಪ್ಲಸ್ ಎರಡು ಕಷ್ಟ. ಮೈನಸ್ ಹತ್ತರಲ್ಲಿ ಹಿಮ ಒಣಗಿರುತ್ತದೆ, ಕೊಡವಿದರೆ ಉದುರುತ್ತದೆ. ನವೆಂಬರಿನ ಎರಡು ಡಿಗ್ರಿಯಲ್ಲಿ ಮಳೆ, ಕೆಸರು, ಅರ್ಧ ಕರಗಿದ ಹಿಮ ಮೂರೂ ಸೇರಿ ಬಟ್ಟೆಯೊಳಗೆ ಇಳಿಯುತ್ತವೆ. ಮಗುವಿನ ಮೈಶಾಖ ಕದಿಯುವುದು ಒದ್ದೆ. ಜತೆಗೆ ಗಾಳಿ ಬೀಸಿದರೆ ಮುಗಿಯಿತು: ಶೂನ್ಯ ಡಿಗ್ರಿಯಲ್ಲಿ ಸೆಕೆಂಡಿಗೆ 10 ಮೀಟರ್ ಗಾಳಿ ಇದ್ದರೆ ಬರಿ ಚರ್ಮಕ್ಕೆ ಮೈನಸ್ 7ರಷ್ಟು ಚಳಿ ತಟ್ಟುತ್ತದೆ, ಮೈನಸ್ 10ರಲ್ಲಿ ಅದೇ ಗಾಳಿ ಮೈನಸ್ 20 ಆಗುತ್ತದೆ. ಫೋನಿನಲ್ಲಿ ಹವೆ ನೋಡುವಾಗ ಉಷ್ಣತೆಗಿಂತ ಮೊದಲು ಮಳೆ, ಗಾಳಿ ನೋಡಿ.

ನೀವು ಮಲೆನಾಡಿನವರು, ಇದರ ಮರ್ಮ ನಿಮಗೆ ಹೊಸತಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರಿಗೆ ಗೊತ್ತಿತ್ತು, ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ ಅಂತ. ಹತ್ತಿ ನೆನೆದರೆ ಮೈಗೆ ಅಂಟಿಕೊಂಡು ತಣ್ಣಗೆ ಕೊರೆಯುತ್ತದೆ. ಹಾಗಾಗಿ ಊರಿಂದ ತಂದ ಹತ್ತಿ ಬನಿಯನ್ ಮಾತ್ರ ಒಳಗೆ ಬೇಡ. ಮೈಗೆ ಅಂಟಿದ ಹಾಗೆ ತೆಳು ಮೆರಿನೊ ಉಣ್ಣೆಯ ಅಂಗಿ, ಉದ್ದ ಕಾಲಿನ ಪ್ಯಾಂಟು. ಇದಕ್ಕೆ ಇಲ್ಲಿ ಉಂಡರ್‌ಸ್ಟೆಲ್ ಅನ್ನುತ್ತಾರೆ. ಅದರ ಮೇಲೆ ಫ್ಲೀಸ್ ಅಥವಾ ದಪ್ಪ ಉಣ್ಣೆ. ಎಲ್ಲಕ್ಕೂ ಮೇಲೆ ಗಾಳಿ, ನೀರು ತಡೆಯುವ ಪದರ. ಐದರಿಂದ ಹತ್ತು ಡಿಗ್ರಿಯ ಮಳೆಗೆ ನಡುವಿನ ಪದರ ತೆಳುವಾಗಿದ್ದರೆ ಸಾಕು, ಓಡಾಡುವ ಮಗು ಬೆವರುತ್ತದೆ. ಸೊನ್ನೆಯಿಂದ ಐದರೊಳಗೆ ಮೂರೂ ಪದರ ಬೇಕು. ಮೈನಸ್‌ಗೆ ಇಳಿದ ಮೇಲೆ ಹೊರಗಿನ ಪದರವಾಗಿ ದಪ್ಪ ಓವರಾಲ್, ಅಂದರೆ ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡಾಗಿರುವ ಉಡುಪು.

ಹೊಸಬರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ. 'ಚಳಿ' ಅಂದ ಕೂಡಲೇ ಅತಿ ದಪ್ಪ ಓವರಾಲ್ ಕೊಂಡು ಅಕ್ಟೋಬರಿನಿಂದಲೇ ಹಾಕಿಸುತ್ತಾರೆ. ಅದು ಒಣ ಹಿಮಕ್ಕೆ ಮಾಡಿದ ಬಟ್ಟೆ. ಮಗು ಕೆಸರಿನಲ್ಲಿ ಕೂತರೆ ಮೊಣಕಾಲು, ಅಂಡಿನ ಹತ್ತಿರ ನೀರು ಹೀರುತ್ತದೆ, ಕಲ್ಲಿನ ಹಾಗೆ ಭಾರವಾಗುತ್ತದೆ, ಮರುದಿನ ಬೆಳಿಗ್ಗೆಗೂ ಒಣಗಿರುವುದಿಲ್ಲ. ಮಳೆ ದಿನಕ್ಕೆ ಬೇಕಾದದ್ದು ಗಲೋನ್: ರಬ್ಬರಿನಂತೆ ಜಾರುವ ಬಟ್ಟೆಯ, ಭುಜಪಟ್ಟಿ ಇರುವ ಪ್ಯಾಂಟು ಮತ್ತು ಜಾಕೆಟ್. ಗಾಳಿಯಾಡುವುದಿಲ್ಲ, ಒಳಗೆ ಬೆವರು ನಿಲ್ಲುತ್ತದೆ. ಅದಕ್ಕೇ ಒಳಗೆ ಉಣ್ಣೆ ಅಂದದ್ದು. ಹೊಲಿಗೆಗಳನ್ನು ಒಳಗಿನಿಂದ ಬೆಸೆದಿದ್ದಾರಾ ನೋಡಿ, ಬರೀ ದಾರದ ಹೊಲಿಗೆಯಾದರೆ ಸೂಜಿ ತೂತಿನಿಂದ ನೀರು ಬರುತ್ತದೆ.

ಅಳತೆ ಇಲ್ಲಿ ಸೆಂಟಿಮೀಟರಿನಲ್ಲಿ, ಮಗುವಿನ ಎತ್ತರಕ್ಕೆ. 98 ಸೆಂಟಿಮೀಟರ್ ಇರುವ ಮಗುವಿಗೆ ಉಣ್ಣೆ 98, ಮೇಲಿನ ಗಲೋನ್ ಮತ್ತು ಓವರಾಲ್ 104. ಬೂಟಿಗೆ ಕಾಲ್ಬೆರಳಿನ ಮುಂದೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಬೇಕು. ಹೆಬ್ಬೆರಳಿನಿಂದ ಬೂಟನ್ನು ಒತ್ತಿ ನೋಡುವುದನ್ನು ನಂಬಬೇಡಿ, ಮಗು ಬೆರಳು ಮಡಚಿಕೊಳ್ಳುತ್ತದೆ. ಒಳಗಿನ ಅಟ್ಟೆ ಹೊರಗೆಳೆದು ಅದರ ಮೇಲೆ ಮಗುವನ್ನು ಉಣ್ಣೆ ಕಾಲುಚೀಲದಲ್ಲಿ ನಿಲ್ಲಿಸಿ. 'ಬೆಚ್ಚಗಿರಲಿ' ಅಂತ ಇಕ್ಕಟ್ಟು ಬೂಟಿಗೆ ಎರಡು ಜೋಡಿ ಕಾಲುಚೀಲ ತುರುಕಿದರೆ ಕಾಲು ಇನ್ನೂ ತಣ್ಣಗಾಗುತ್ತದೆ; ಬೆಚ್ಚಗಿಡುವುದು ನಡುವೆ ನಿಂತ ಗಾಳಿ, ಅದಕ್ಕೇ ಜಾಗ ಇಲ್ಲ.

ಇನ್ನು ತೊಡಿಸುವ ಕ್ರಮ. ಮೊದಲು ಉಚ್ಚೆ. ನಗಬೇಡಿ, ಇದನ್ನು ಮರೆತರೆ ಹತ್ತು ನಿಮಿಷದ ಕೆಲಸ ಎರಡು ಸಲ ಮಾಡಬೇಕಾಗುತ್ತದೆ. ಆಮೇಲೆ ಉಣ್ಣೆ, ಕಾಲುಚೀಲ, ಫ್ಲೀಸ್, ಗಲೋನ್ ಪ್ಯಾಂಟು, ಬೂಟು. ಪ್ಯಾಂಟಿನ ಕಾಲು ಬೂಟಿನ ಹೊರಗೆ ಬರಬೇಕು, ಒಳಗೆ ತುರುಕಿದರೆ ಹರಿದು ಬಂದ ಮಳೆನೀರೆಲ್ಲ ಬೂಟಿಗೇ ಇಳಿಯುತ್ತದೆ. ಕಾಲಿನ ತುದಿಯಲ್ಲಿರುವ ರಬ್ಬರ್ ಪಟ್ಟಿಯನ್ನು ಬೂಟಿನಡಿಗೆ ಸಿಕ್ಕಿಸಿ, ಇಲ್ಲದಿದ್ದರೆ ಪ್ಯಾಂಟು ಮೇಲೇರುತ್ತದೆ. ಮೊದಲು ಕಿತ್ತುಹೋಗುವುದೂ ಈ ಪಟ್ಟಿಯೇ, ಒಂದೆರಡು ಜೋಡಿ ಹೆಚ್ಚಿಗೆ ಇಟ್ಟುಕೊಂಡಿರಿ. ಆಮೇಲೆ ಜಾಕೆಟ್, ಕುತ್ತಿಗೆಗೆ ಕೊಳವೆಯಂಥ ಬಟ್ಟೆ, ಕಿವಿ ಮುಚ್ಚುವ ಟೊಪ್ಪಿ, ಕೊನೆಗೆ ಕೈಗವಸು. ಬೆರಳು ಬಿಡಿಬಿಡಿ ಇರುವ ಗ್ಲೌಸ್ ಬೇಡ. ನಾಲ್ಕು ಬೆರಳೂ ಒಟ್ಟಿಗಿರುವ, ಮಣಿಕಟ್ಟಿನ ಮೇಲೆ ಉದ್ದಕ್ಕೆ ಬರುವಂಥದ್ದನ್ನು ತನ್ನಿ. ಹೆಬ್ಬೆರಳನ್ನು ಅದರ ಗೂಡಿಗೆ ಸೇರಿಸುವುದು ಬೆಳಗಿನ ಅತಿ ದೊಡ್ಡ ಸಾಹಸ: 'ತೋರಿಸು ನೋಡೋಣ, ಹೆಬ್ಬೆರಳು ಎಲ್ಲಿ?' ಅಂತ ಮಗುವೇ ಅದನ್ನು ನಿಗುರಿಸುವ ಹಾಗೆ ಮಾಡಿ, ಆಮೇಲೆ ಎಳೆಯಿರಿ.

ಮಗುವೇ ಜಾಕೆಟ್ ಹಾಕಿಕೊಳ್ಳುವುದಕ್ಕೆ ಇಲ್ಲಿಯ ಟೀಚರುಗಳು ಕಲಿಸುವ ಉಪಾಯ ಚೆನ್ನಾಗಿದೆ. ಜಾಕೆಟ್ಟನ್ನು ಜಿಪ್ ಬಿಚ್ಚಿ, ಒಳಮೈ ಮೇಲೆ ಮಾಡಿ ನೆಲಕ್ಕೆ ಹಾಸುತ್ತಾರೆ. ಕಾಲರ್ ಮಗುವಿನ ಪಾದದ ಕಡೆ. ಮಗು ಬಗ್ಗಿ ಎರಡೂ ಕೈಯನ್ನು ತೋಳಿಗೆ ತೂರಿಸಿ, ಜಾಕೆಟ್ಟನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತದೆ. ಅದು ತಾನಾಗಿ ಬೆನ್ನಿಗೆ ಬಂದು ಕೂರುತ್ತದೆ. ಮನೆಯಲ್ಲೂ ಹೀಗೇ ಮಾಡಿಸಿ, ಒಂದು ವಾರದಲ್ಲಿ ಬರುತ್ತದೆ.

ಉದ್ದ ಮಫ್ಲರ್ ಮಾತ್ರ ಬೇಡವೇ ಬೇಡ. ಅತ್ತೆಯವರು ಹೆಣೆದು ಕಳಿಸಿದ್ದರೂ ಫೋಟೋಗೆ ಸಾಕು. ಜಾರುಬಂಡೆಯ ತುದಿಗೆ ಸಿಕ್ಕಿದರೆ ಕುತ್ತಿಗೆಗೆ ಬಿಗಿಯುತ್ತದೆ. ಇದೇ ಕಾರಣಕ್ಕೆ ಯುರೋಪಿನಲ್ಲಿ ಚಿಕ್ಕ ಮಕ್ಕಳ ಬಟ್ಟೆಯ ಟೊಪ್ಪಿಗೆ ಲಾಡಿ ಹಾಕುವುದಿಲ್ಲ. ಊರಿಂದ ತಂದ ಜಾಕೆಟ್ಟಿನಲ್ಲಿ ಇದ್ದರೆ ಎಳೆದು ತೆಗೆದುಬಿಡಿ. ಸೈಕಲ್ ಹೆಲ್ಮೆಟ್ ಹಾಕಿಕೊಂಡು ಹತ್ತುವ ಆಟಿಕೆಗಳಿಗೆ ಬಿಡಬೇಡಿ, ತಲೆ ಸಿಕ್ಕಿಕೊಂಡು ಮೈ ಜೋತುಬೀಳಬಹುದು. ಕಾರಿನಲ್ಲಿ ಕೂರಿಸುವಾಗ ದಪ್ಪ ಓವರಾಲ್ ಬಿಚ್ಚಿ. ಅದರ ಮೇಲೆ ಕಟ್ಟಿದ ಬೆಲ್ಟ್ ಬಿಗಿಯಾದಂತೆ ಕಂಡರೂ ಅಪಘಾತವಾದಾಗ ಓವರಾಲ್ ಒಳಗೆ ತುಂಬಿದ್ದು ಚಪ್ಪಟೆಯಾಗಿ ಬೆಲ್ಟ್ ಸಡಿಲ ಬೀಳುತ್ತದೆ. ಫ್ಲೀಸ್‌ನಲ್ಲಿ ಕೂರಿಸಿ ಬೆಲ್ಟ್ ಬಿಗಿದು ಮೇಲೆ ಹೊದಿಕೆ ಹಾಕಿ.

ಚಳಿಯಾಗಿದೆಯಾ ಅಂತ ನೋಡಲು ಕೈ ಮುಟ್ಟಬೇಡಿ. ಆಡುವ ಮಗುವಿನ ಕೈ, ಮೂಗು ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗಕ್ಕೆ, ಕಾಲರಿನ ಒಳಗೆ ಎರಡು ಬೆರಳು ಇಟ್ಟು ನೋಡಿ. ಬೆಚ್ಚಗೆ, ಒಣಗಿ ಇದ್ದರೆ ಸರಿ. ಬೆವರಿದ್ದರೆ ಒಂದು ಪದರ ಹೆಚ್ಚಾಗಿದೆ, ಮುಂದೆ ಅದೇ ಬೆವರು ತಣ್ಣಗಾಗುತ್ತದೆ. ತಣ್ಣಗಿದ್ದರೆ ಒಳಗೆ ಕರೆತನ್ನಿ. ತೀರಾ ಚಳಿಯಲ್ಲಿ ಕೆನ್ನೆ ಮೇಲೆ ಬಿಳಿಚಿದ ಮಚ್ಚೆ ಕಂಡರೆ ಉಜ್ಜಬೇಡಿ, ಹಿಮ ತಿಕ್ಕುವ ಮಾತಂತೂ ಬೇಡ. ಬೆಚ್ಚಗಿನ ಅಂಗೈ ಒತ್ತಿ ಹಿಡಿದುಕೊಂಡು ಒಳಗೆ ಬನ್ನಿ. ಕಬ್ಬಿಣದ ಕಂಬಕ್ಕೆ ನಾಲಿಗೆ ಹಚ್ಚಿ ಅಂಟಿಸಿಕೊಳ್ಳುವ ಮಗು ಪ್ರತಿ ಶಾಲೆಯಲ್ಲೂ ಒಂದು ಇದ್ದೇ ಇರುತ್ತದೆ. ಎಳೆಯಬಾರದು, ಉಗುರುಬೆಚ್ಚಗಿನ ನೀರು ಸುರಿದರೆ ಬಿಡುತ್ತದೆ.

ಹೊರಗೆ ಬಿಡಲೇಬಾರದ ದಿನಗಳೂ ಇವೆ. ಮೈನಸ್ 15ರ ಹತ್ತಿರಕ್ಕೆ ಇಳಿದರೆ ಚಿಕ್ಕವರ ಹೊರಗಿನ ಆಟವನ್ನು ಹೆಚ್ಚಿನ ಕಡೆ ಮೊಟಕುಗೊಳಿಸುತ್ತಾರೆ. ಹವಾಮಾನ ಇಲಾಖೆ ಬಿರುಗಾಳಿಗೆ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಕಾಡಿನ ಕಡೆ ಹೋಗಬಾರದು, ಕೊಂಬೆ ಬೀಳುತ್ತವೆ. ಹಿಮ ಕರಗುವ ಬಿಸಿಲಿನಲ್ಲಿ ಸೂರಿನಡಿ ನಿಲ್ಲಬಾರದು, ಮೇಲಿಂದ ಮಂಜುಗಡ್ಡೆ ಕಳಚುತ್ತದೆ. ಉಬ್ಬಸ ಇರುವ ಮಗುವಿಗೆ ಒಣ ಚಳಿಗಾಳಿ ತೊಂದರೆ ಕೊಡಬಹುದು, ಹೊರಡುವ ಮುಂಚೆ ಇನ್ಹೇಲರ್ ಬೇಕಾ ಅಂತ ಡಾಕ್ಟರನ್ನು ಕೇಳಿ ಶಾಲೆಗೂ ತಿಳಿಸಿಡಿ. ಇನ್ನು ತಳ್ಳುಗಾಡಿಯಲ್ಲಿ ಮಲಗಿದ ಕೂಸು ಆಡುವ ಮಗುವಿನ ಹಾಗಲ್ಲ, ಅಲುಗಾಡದೆ ಇರುವುದರಿಂದ ಬೇಗ ತಣ್ಣಗಾಗುತ್ತದೆ. ಇಲ್ಲಿ ಕೂಸುಗಳನ್ನು ಹೊರಗೇ ಮಲಗಿಸುವುದನ್ನು ನೋಡಿ ದಿಗಿಲಾಗಬೇಡಿ, ಹಳೆಯ ರೂಢಿ. ಆದರೆ ಮೈನಸ್ ಹತ್ತು ದಾಟಿದ ಮೇಲೆ ಸಾಮಾನ್ಯವಾಗಿ ಒಳಗೇ ಮಲಗಿಸುತ್ತಾರೆ.

ಮನೆಯಲ್ಲಿ ಉಳಿಸಿಕೊಳ್ಳಬೇಕಾದ ದಿನ ಯಾವುದು? ಜ್ವರ ಇದ್ದರೆ, ಅದು ಇಳಿದು ಒಂದು ಪೂರ್ತಿ ದಿನ ಕಳೆಯುವವರೆಗೆ. ವಾಂತಿಭೇದಿಯಾದರೆ ಕೊನೆಯ ಸಲದಿಂದ 48 ಗಂಟೆ. ಆ ದಿನಗಳಿಗೆ 'ವಾಬ್', ಅಂದರೆ ಕಾಯಿಲೆ ಮಗುವನ್ನು ನೋಡಿಕೊಳ್ಳಲು ಸಿಗುವ ರಜೆ ಹಾಕಿ: ಎಂಟು ತಿಂಗಳಿನಿಂದ ಹನ್ನೆರಡು ವರ್ಷದ ಮಕ್ಕಳಿಗೆ ವರ್ಷಕ್ಕೆ ಮಗುವೊಂದಕ್ಕೆ 120 ದಿನದವರೆಗೆ, ಸಂಬಳದ ಸುಮಾರು ಶೇ. 80 ಸಿಗುತ್ತದೆ, ಎಂಟನೆಯ ದಿನದಿಂದ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಹೊಸ ಕೆಲಸ, ರಜೆ ಕೇಳಲು ಸಂಕೋಚ ಅಂತ ಜ್ವರದ ಮಗುವಿಗೆ ಪ್ಯಾರಸಿಟಮಾಲ್ ಕುಡಿಸಿ ಕಳಿಸುವವರಿದ್ದಾರೆ. ಹತ್ತು ಗಂಟೆಗೆ ಔಷಧಿ ಇಳಿಯುತ್ತದೆ, ಹತ್ತೂವರೆಗೆ ಶಾಲೆಯಿಂದ ಫೋನ್ ಬರುತ್ತದೆ. ಹೇಗೆ ನೋಡಿಕೊಳ್ಳಬೇಕು ಅನ್ನುವ ಅನುಮಾನವಿದ್ದರೆ 1177ಕ್ಕೆ ಕರೆ ಮಾಡಿ, ನರ್ಸ್ ಮಾತಾಡುತ್ತಾರೆ.

ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಮೂರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅಂದರೆ ನೀವು ಆಫೀಸಿನಿಂದ ಬಂದು ಕರೆದುಕೊಂಡು ಹೋಗುವ ಹೊತ್ತಿಗೆ ಕತ್ತಲು. ಮಗು ಹಗಲು ಬೆಳಕು ಕಾಣುವುದು ಶಾಲೆಯ ಅಂಗಳದಲ್ಲಿ ಮಾತ್ರ. ಆ ಆಟವನ್ನೂ ತಪ್ಪಿಸಿದರೆ ವಾರದ ಐದು ದಿನ ಬೆಳಕೇ ಇಲ್ಲ. ಬೆಳಕು ಸಿಕ್ಕರೂ ಚಳಿಗಾಲದ ಈ ಇಳಿಬಿಸಿಲಿನಲ್ಲಿ ಮೈಯಲ್ಲಿ ಡಿ ವಿಟಮಿನ್ ತಯಾರಾಗುವುದಿಲ್ಲ. ಎರಡು ವರ್ಷದೊಳಗಿನ ಎಲ್ಲ ಮಕ್ಕಳಿಗೂ ದಿನಕ್ಕೆ ಐದು ಹನಿ, ಅಂದರೆ 10 ಮೈಕ್ರೊಗ್ರಾಂ ಕೊಡಲು ಇಲ್ಲಿ ಹೇಳುತ್ತಾರೆ. ಮೈಬಣ್ಣ ಗಾಢವಿರುವ, ಮೀನು ತಿನ್ನದ ಮಕ್ಕಳಿಗೆ ಎರಡರ ಮೇಲೂ ಮುಂದುವರಿಸಬೇಕಾಗುತ್ತದೆ. ನಿಮ್ಮದು ಸಸ್ಯಾಹಾರಿ ಮನೆಯಾದರೆ ಮಕ್ಕಳ ಆರೋಗ್ಯ ಕೇಂದ್ರದ ನರ್ಸನ್ನು ಈ ವಾರವೇ ಕೇಳಿ. ಜಾಕೆಟ್ಟಿಗೆ ಎರಡೂ ಪಕ್ಕ ರಿಫ್ಲೆಕ್ಸ್, ಅಂದರೆ ದೀಪದ ಬೆಳಕಿಗೆ ಹೊಳೆಯುವ ಬಿಲ್ಲೆ ನೇತುಹಾಕಿ. ಕಪ್ಪು ಬಟ್ಟೆಯ ಮಗು ಕಾರಿನ ಮಂದ ದೀಪಕ್ಕೆ ಮೂವತ್ತು ಮೀಟರಿನೊಳಗೆ ಬಂದಾಗಷ್ಟೇ ಕಾಣುತ್ತದೆ, ರಿಫ್ಲೆಕ್ಸ್ ಇದ್ದರೆ ನೂರಿಪ್ಪತ್ತು ಮೀಟರ್ ದೂರದಿಂದಲೇ.

ದುಡ್ಡಿನ ಮಾತು. ಎಲ್ಲವನ್ನೂ ಹೊಸದಾಗಿ ಕೊಂಡರೆ ಕೈ ಸುಡುತ್ತದೆ, ಮುಂದಿನ ವರ್ಷಕ್ಕೆ ಒಂದೂ ಹಿಡಿಸುವುದಿಲ್ಲ. ಬ್ಲೊಕೆಟ್, ಟ್ರಾದೆರಾ ಅನ್ನುವ ಹಳೆ ಸಾಮಾನಿನ ವೆಬ್‌ಸೈಟುಗಳಲ್ಲಿ, ವಾರಾಂತ್ಯದ ಲೊಪ್ಪಿಸ್ ಅನ್ನುವ ಹಳೆ ಸಾಮಾನಿನ ಸಂತೆಗಳಲ್ಲಿ ಹಳೆಯ ಓವರಾಲ್ ಚೆನ್ನಾಗಿಯೇ ಸಿಗುತ್ತದೆ. ಮೊಣಕಾಲಿನ ಹೊಲಿಗೆ, ಜಿಪ್ಪು ನೋಡಿ ತೆಗೆದುಕೊಳ್ಳಿ. ಬೂಟು ಮಾತ್ರ ಹೊಸದೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಹಿಮಜಾರಿಕೆಯ ಸ್ಕೀ, ಸ್ಕೇಟ್ ಎಲ್ಲ ಫ್ರೀತಿದ್ಸ್‌ಬಾಂಕೆನ್‌ನಲ್ಲಿ ಲೈಬ್ರರಿ ಪುಸ್ತಕದ ಹಾಗೆ 14 ದಿನಕ್ಕೆ ಬಿಟ್ಟಿಯಾಗಿ ಕೊಡುತ್ತಾರೆ.

ಶಾಲೆಯ ಗೂಡಿನಲ್ಲಿ ಯಾವಾಗಲೂ ಇರಬೇಕಾದದ್ದು: ಎರಡು ಜೊತೆ ಒಳ ಉಡುಪು, ಎರಡು ಜೊತೆ ಉಣ್ಣೆ ಕಾಲುಚೀಲ, ಒಂದು ಪೂರ್ತಿ ಬದಲಿ ಬಟ್ಟೆ, ಕೈಗವಸು ಮೂರು ಜೊತೆ. ಮೂರು ಯಾಕೆ ಅಂದರೆ ಬೆಳಗಿನದು ನೆನೆದಿರುತ್ತದೆ, ಮಧ್ಯಾಹ್ನದ್ದು ಒಣಗಿಸುವ ಬೀರುವಿನಲ್ಲಿರುತ್ತದೆ, ಇನ್ನೊಂದು ಕಳೆದುಹೋಗಿರುತ್ತದೆ. ಪ್ರತಿಯೊಂದರ ಮೇಲೂ ಹೆಸರು ಬರೆಯಿರಿ, ಎಡಗಾಲಿನ ಬೂಟಿಗೂ ಬಲಗಾಲಿನದಕ್ಕೂ ಬೇರೆಬೇರೆ. ಶುಕ್ರವಾರ ಗಲೋನ್ ಮನೆಗೆ ತಂದು ಬಚ್ಚಲಲ್ಲಿ ಶವರ್ ಹಿಡಿದು ಕೆಸರು ತೊಳೆಯಿರಿ. ಬಿಸಿ ಡ್ರೈಯರಿಗೆ ಹಾಕಿದರೆ ಮೇಲಿನ ಲೇಪ ಸುಲಿಯುತ್ತದೆ. ಉಣ್ಣೆಯನ್ನು ದಿನಾ ಒಗೆಯಬೇಕಿಲ್ಲ, ಬಾಲ್ಕನಿಯಲ್ಲಿ ಒಂದು ರಾತ್ರಿ ಗಾಳಿಗೆ ಹರವಿದರೆ ವಾಸನೆ ಹೋಗುತ್ತದೆ.

ಅತ್ತೆಯವರಿಗೆ ಕಾರಣ ವಿವರಿಸುವುದಕ್ಕಿಂತ ಒಂದು ದಿನ ಬೆಳಿಗ್ಗೆ ಮಗುವಿಗೆ ತೊಡಿಸುವಾಗ ವಿಡಿಯೊ ಕಾಲ್ ಹಚ್ಚಿ ಫೋನನ್ನು ಬಾಗಿಲ ಹತ್ತಿರ ನಿಲ್ಲಿಸಿಡಿ. ಉಣ್ಣೆಯಿಂದ ಕೈಗವಸಿನವರೆಗೆ ಪೂರ್ತಿ ನೋಡಲಿ. 'ಇಷ್ಟೆಲ್ಲ ಹಾಕಿದರೆ ಮಗುವಿಗೆ ಸೆಕೆ ಆಗಲ್ವೇನೇ?' ಅಂತ ಅವರೇ ಕೇಳುತ್ತಾರೆ.